“ಅವ್ರಿಗೆ ಹೇಳಬ್ಯಾಡ್ರಿ ಸಾಹೇಬ್ರ” ಅನ್ನುವ ಮೊದಲು: ರೋಗದ ನಿಜ ಕೇಳಿ ತಿಳಿಯುವ ಬಗೆ

ಸಿಂಧನೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ. ಇಪ್ಪತ್ತು ವರ್ಷದಿಂದ ಕೌಂಟರಿನ ಈ ಬದಿಗೆ ನಿಂತಿದ್ದೇನೆ. ಡಾಕ್ಟರು ಬರೆದ ಚೀಟಿ ಓದಿ ಗುಳಿಗೆ ಕೊಡುವುದಷ್ಟೇ ನನ್ನ ಕೆಲಸ. ಆದರೆ ದಿನಕ್ಕೆ ಇಬ್ಬರು ಮೂವರಾದರೂ ಗುಳಿಗೆ ಚೀಲಕ್ಕೆ ಹಾಕಿಕೊಂಡ ಮೇಲೂ ಹೋಗುವುದಿಲ್ಲ. ಗಿರಾಕಿ ಕಮ್ಮಿ ಆಗುವ ತನಕ ಫ್ರಿಜ್ಜಿನ ಪಕ್ಕ ನಿಂತಿದ್ದು, ಆಮೇಲೆ ದನಿ ಇಳಿಸಿ ಕೇಳುತ್ತಾರೆ: “ಇದು ಯಾವ ಬ್ಯಾನಿಗೆ ಕೊಟ್ಟಾರ್ರೀ?”

ಮಸ್ಕಿ ಕಡೆಯ ಹಳ್ಳಿಯಿಂದ ಬರುವ ಒಬ್ಬ ಅಕ್ಕ ಇದ್ದಾರೆ. ಐವತ್ತು ದಾಟಿದ ವಯಸ್ಸು, ಹತ್ತಿ ಬಿಡಿಸುವ ಕೂಲಿ. ತಿಂಗಳಿಗೊಮ್ಮೆ ಟಾಮಾಕ್ಸಿಫೆನ್ ಒಯ್ಯುತ್ತಿದ್ದರು. 14 ತಿಂಗಳು ತಪ್ಪದೆ ಒಯ್ದವರು ಒಮ್ಮೆಲೇ ನಿಲ್ಲಿಸಿದರು. ಗಂಡನ ಬಿಪಿ ಗುಳಿಗೆಗೆ ಬಂದಾಗ ಕೇಳಿದೆ, “ಯಾಕಕ್ಕಾ, ನಿಮ್ಮ ಗುಳಿಗಿ ಒಯ್ಯಲಿಲ್ಲ?” ಅಂದರೆ, “ಶಕ್ತಿ ಗುಳಿಗಿ ಅಲ್ಲೇನು ತಮ್ಮಾ ಅದು, ಈಗ ಶಕ್ತಿ ಬಂದದ, ಬಿಟ್ಟೆ” ಅಂದರು. ಎದೆಗಡ್ಡೆ ಆಪರೇಷನ್ ಆಗಿ ಮನೆಗೆ ಬಂದವರಿಗೆ ಮಗ ಹಾಗೆ ಹೇಳಿದ್ದ. ಡಾಕ್ಟರು ಮಗನಿಗೆ ಹೇಳಿದ್ದರು, ಮಗ ತಾಯಿಗೆ ಬೇರೆ ಹೇಳಿದ. ಸ್ತನ ಕ್ಯಾನ್ಸರ್ ಮರಳದಂತೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ದಿನವೂ ನುಂಗಬೇಕಾದ ಗುಳಿಗೆ ಅದು.

ಅಂಗಡಿಯವನು ರೋಗದ ಹೆಸರು ಹೇಳಬಾರದು. ಅದು ಡಾಕ್ಟರ ಕೆಲಸ, ಅವರ ಕರ್ತವ್ಯ. ಆದರೆ ಆ ಕರ್ತವ್ಯವನ್ನು ಅವರಿಂದ ಮಾಡಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಹೇಳಬಹುದು. ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಕೌಂಟರಿನಲ್ಲಿ ನಿಂತು ಕಂಡದ್ದು, ನನ್ನ ಅಪ್ಪನ ವಿಷಯದಲ್ಲಿ ಮಾಡಿದ ತಪ್ಪು, ಓದಿ ತಿಳಿದುಕೊಂಡ ನಿಯಮ, ಇಷ್ಟನ್ನು ಸೇರಿಸಿ ಬರೆದಿದ್ದೇನೆ.

ಮೊದಲ ಕೆಲಸ: ಪರೀಕ್ಷೆಗೆ ಬರೆದ ದಿನವೇ ಮಾತಾಡಿಕೊಳ್ಳಿ

ಎಲ್ಲರೂ ತಪ್ಪುವುದು ಇಲ್ಲೇ. ರಿಪೋರ್ಟ್ ಬಂದ ಮೇಲೆ ಹೇಳೋದೋ ಬೇಡವೋ ಅಂತ ಚರ್ಚೆಗೆ ಕೂರುತ್ತಾರೆ. ಅಷ್ಟು ಹೊತ್ತಿಗೆ ಮನೆಮಂದಿಯ ಮುಖವೇ ಎಲ್ಲ ಹೇಳಿಬಿಟ್ಟಿರುತ್ತದೆ.

ಬಯಾಪ್ಸಿಗೋ (ಮೈಯಿಂದ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ) ಸ್ಕ್ಯಾನಿಂಗಿಗೋ ಬರೆದುಕೊಟ್ಟ ದಿನ ಇನ್ನೂ ಯಾರಿಗೂ ಏನೂ ಗೊತ್ತಿರುವುದಿಲ್ಲ. ಆವತ್ತು ಡಾಕ್ಟರ ಎದುರಿಗೇ, ರೋಗಿಯನ್ನು ಕೂಡಿಸಿಕೊಂಡೇ ಕೇಳಬೇಕು: “ರಿಪೋರ್ಟಿನಾಗ ಏನು ಬಂದರೂ ನಿಮಗೇ ಹೇಳಬೇಕಾ, ಇಲ್ಲಾ ಮನ್ಯಾಗ ಯಾರಿಗಾದರೂ ಹೇಳಬೇಕಾ?” ಇದನ್ನು ಡಾಕ್ಟರು ತಾವಾಗಿ ಕೇಳಿದರೆ ಬಹಳ ಒಳ್ಳೆಯದು. ಕೇಳದಿದ್ದರೆ ನೀವೇ ಬಾಯಿ ತೆಗೆಯಿರಿ. ರೋಗಿ “ನನಗ ಹೇಳ್ರಿ” ಅಂದರೆ ಮಾತು ಅಲ್ಲಿಗೆ ಮುಗಿಯಿತು. “ನನಗ ಏನೂ ಬ್ಯಾಡ, ದೊಡ್ಡ ಮಗನಿಗೆ ಹೇಳ್ರಿ” ಅಂದರೂ ಸರಿಯೇ, ತಿಳಿಯದೆ ಇರುವ ಹಕ್ಕೂ ರೋಗಿಗಿದೆ. ಆದರೆ ಅದನ್ನು ರೋಗಿಯೇ ತಮ್ಮ ಬಾಯಿಂದ ಹೇಳಬೇಕು, ಅವರ ಪರವಾಗಿ ಮಗನೋ ಅಳಿಯನೋ ಹೇಳಿದರೆ ಆಗದು. ಹೇಳಿದ್ದನ್ನು ಕೇಸ್ ಪೇಪರಿನಲ್ಲಿ ಒಂದು ಸಾಲು ಬರೆಸಿಬಿಡಿ.

ನಾವು ಹೀಗೆ ಮಾಡಲಿಲ್ಲ. ಅಪ್ಪನಿಗೆ ರೊಟ್ಟಿ ನುಂಗಿದರೆ ಎದೆಯಲ್ಲಿ ನಿಲ್ಲುತ್ತಿತ್ತು. ಎಂಡೋಸ್ಕೋಪಿ ಆಯಿತು, ತುಣುಕು ತೆಗೆದು ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ನನ್ನನ್ನೂ ಅಣ್ಣನನ್ನೂ ಒಳಗೆ ಕರೆದರು. ಎರಡು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದು ಅಣ್ಣ “ಹುಣ್ಣು ಆಗ್ಯಾದಪ್ಪ, ಗುಳಿಗಿಗೆ ಹೋಗತದಂತ” ಅಂದ. ಅಪ್ಪ ನಂಬಿದ. ನಂಬಿದ್ದಕ್ಕೆ ಆ ವಾರವೇ ಕಾಲುವೆ ಕೆಳಗಿನ ನಾಲ್ಕು ಎಕರೆ ಗದ್ದೆಯನ್ನು ಲೀಸಿಗೆ ಹಾಕಿಕೊಂಡು, ಮುಂಗಡ ರೊಕ್ಕವನ್ನೂ ಕೊಟ್ಟು ಬಂದ. ನಮಗೆ ತಡೆಯಲು ಬರಲಿಲ್ಲ, ತಡೆಯಬೇಕೆಂದರೆ ಕಾರಣ ಹೇಳಬೇಕಲ್ಲ.

ಮೂರು ವಾರಕ್ಕೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ರೈಲ್ವೆ ಸ್ಟೇಷನ್ನಿನ ಹೊರಗೆ ಆಟೊದವನು ನಮ್ಮ ಕೈಯಲ್ಲಿನ ಸ್ಕ್ಯಾನ್ ಕವರ್ ನೋಡಿ, “ನವನಗರ ಕ್ಯಾನ್ಸರ್ ಆಸ್ಪತ್ರಿಗೇನ್ರೀ?” ಅಂದ. ಅಪ್ಪ ಏಳನೇ ಇಯತ್ತೆ ಓದಿದವನು, ಮುಂದೆ ಗೇಟಿನ ಮೇಲಿನ ಬೋರ್ಡನ್ನೂ ಓದಿದ. ಏನೂ ಮಾತಾಡಲಿಲ್ಲ. ರಾತ್ರಿ ಲಾಡ್ಜಿನಲ್ಲಿ ದೀಪ ಆರಿಸಿದ ಮೇಲೆ, “ಲೀಸಿನ ರೊಕ್ಕ ವಾಪಸ್ ಕೊಡತಾನೇನು ಫೋನ್ ಹಚ್ಚಿ ಕೇಳು” ಅಂದ. ಆಮೇಲೆ ಏಳು ತಿಂಗಳು ಬದುಕಿದ್ದ. ಯಾಕೆ ಮುಚ್ಚಿಟ್ಟಿರಿ ಅಂತ ಒಮ್ಮೆಯೂ ಕೇಳಲಿಲ್ಲ. ರೊಕ್ಕ ವಾಪಸ್ ಬರಲಿಲ್ಲ.

ಒಳಗೆ ಯಾರು ಹೋಗಬೇಕು, ಯಾವ ಭಾಷೆಯಲ್ಲಿ

ರೋಗಿ, ಜೊತೆಗೆ ಒಬ್ಬರು. ಟಂಟಂ ತುಂಬ ಮಂದಿ ಒಳಗೆ ನುಗ್ಗಿದರೆ ಡಾಕ್ಟರು ಯಾರ ಮುಖ ನೋಡಿ ಮಾತಾಡಬೇಕು? ಆ ಒಬ್ಬರು ಅಳುವವರಾಗಿರಬಾರದು, ಜಗಳ ತೆಗೆಯುವವರೂ ಆಗಿರಬಾರದು. ಬರೆದುಕೊಳ್ಳಲು ಬಂದರೆ ಸಾಕು.

ಭಾಷೆಯ ಮಾತನ್ನು ನಮ್ಮ ಭಾಗದಲ್ಲಿ ಹಗುರಾಗಿ ತಗೊಳ್ಳಬೇಡಿ. ರಾಯಚೂರಿನ ರಿಮ್ಸ್ ಇರಲಿ, ಒಪೆಕ್ ಇರಲಿ, ಬಳ್ಳಾರಿಯ ವಿಮ್ಸ್ ಇರಲಿ (ಹೆಸರು ಬದಲಾದರೂ ಮಂದಿ ಬಾಯಲ್ಲಿ ಅದು ವಿಮ್ಸೇ), ಒಂದು ವಾರ್ಡಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಕೇಳುತ್ತವೆ. ಪಿಜಿ ಓದಲು ಬಂದ ಡಾಕ್ಟರು ಬೇರೆ ರಾಜ್ಯದವರಿರಬಹುದು. ಆಗ ಬಿದ್ದೂ ಎದ್ದೂ ಭಾಷಾಂತರ ಮಾಡುವವರು ಯಾರು? ನೆಲ ಒರೆಸುವ ಆಯಾ, ಇಲ್ಲವೇ ಐದನೇ ಇಯತ್ತೆ ಓದುವ ಮೊಮ್ಮಗಳು. ಅಜ್ಜನಿಗೆ ಕ್ಯಾನ್ಸರ್ ಇದೆ ಅನ್ನುವ ಮಾತು ಆ ಮಗುವಿನ ಬಾಯಿಂದ ಬರಬಾರದು. “ಕನ್ನಡ ಬರುವ ಸಿಸ್ಟರನ್ನ ಕರೀರಿ, ಅವರ ಮುಂದ ಹೇಳ್ರಿ” ಅಂತ ಕೇಳಿ. ಇದು ಸೊಕ್ಕಿನ ಮಾತಲ್ಲ.

ಹೊತ್ತೂ ಮುಖ್ಯ. ಸೋಮವಾರ ಬೆಳಿಗ್ಗೆ ಓಪಿಡಿಯಲ್ಲಿ ನಿಮ್ಮ ಹಿಂದೆ ನೂರು ಮಂದಿ ನಿಂತಿರುವಾಗ ದೊಡ್ಡ ಮಾತು ಆಗುವುದಿಲ್ಲ. “ಓಪಿಡಿ ಮುಗಿಯೋ ಹೊತ್ತಿಗೆ ಬರತೀವಿ, ಐದು ನಿಮಿಷ ಕುಂತು ಮಾತಾಡ್ರಿ ಸಾಹೇಬ್ರ” ಅಂದರೆ ಹತ್ತರಲ್ಲಿ ಏಳು ಡಾಕ್ಟರು ಒಪ್ಪುತ್ತಾರೆ, ಇದು ನನ್ನ ಅಂದಾಜು. ಕೆಟ್ಟ ಸುದ್ದಿ ಹೇಳುವುದು ಹೇಗೆ ಅನ್ನುವುದಕ್ಕೆ ವಾಲ್ಟರ್ ಬೈಲ್, ರಾಬರ್ಟ್ ಬಕ್ಮನ್ ಮುಂತಾದ ವೈದ್ಯರು 2000ನೇ ಇಸವಿಯಲ್ಲಿ ಆರು ಹೆಜ್ಜೆಯ ಕ್ರಮವನ್ನೇ ಬರೆದಿಟ್ಟಿದ್ದಾರೆ. ಗದ್ದಲವಿಲ್ಲದ ಕಡೆ ಕೂರುವುದು, ರೋಗಿಗೆ ಈಗಾಗಲೇ ಏನು ಗೊತ್ತಿದೆ ಅಂತ ಕೇಳುವುದು, ಎಷ್ಟು ತಿಳಿಯಬೇಕೆಂದು ಕೇಳುವುದು, ಆಮೇಲೆ ಸಣ್ಣ ಸಣ್ಣ ಮಾತಲ್ಲಿ ಹೇಳುವುದು, ಅತ್ತರೆ ಅಳಲು ಬಿಡುವುದು, ಕೊನೆಗೆ ಮುಂದೇನು ಮಾಡೋಣ ಅನ್ನುವುದು. ನೋಡಿ, ನಿಜ ಹೇಳುವುದು ಮೂರನೇ ಹೆಜ್ಜೆಯ ನಂತರ ಬರುತ್ತದೆ. ನಮ್ಮಲ್ಲಿ ಅದನ್ನೇ ಮೊದಲು ಹೇಳುತ್ತಾರೆ, ಇಲ್ಲವೇ ಹೇಳುವುದೇ ಇಲ್ಲ.

ಕವರಿನ ಮೇಲಿನ ಪ್ರಶ್ನೆಗಳು

ಡಾಕ್ಟರ ಎದುರು ಕೂತಾಗ ಮನೆಯಲ್ಲಿ ಯೋಚಿಸಿದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೆ ನಾನು ಗುಳಿಗೆ ಹಾಕುವ ಕಾಗದದ ಕವರಿನ ಹಿಂದೆ ಪ್ರಶ್ನೆ ಬರೆದುಕೊಡುತ್ತೇನೆ, ಒಂದೊಂದರ ಕೆಳಗೂ ಉತ್ತರಕ್ಕೆ ಜಾಗ ಬಿಟ್ಟು. “ಇದನ್ನ ಡಾಕ್ಟರ ಕೈಯಾಗ ಕೊಡ್ರಿ, ಅವರೇ ಬರೀಲಿ” ಅನ್ನುತ್ತೇನೆ.

ಮೊದಲನೆಯದು ಹೆಸರು. “ಇದಕ್ಕ ಏನಂತಾರ್ರೀ? ಬರದು ಕೊಡ್ರಿ.” ಗಡ್ಡೆ, ಹುಣ್ಣು, ಇನ್ಫೆಕ್ಷನ್, ನೀರು ತುಂಬೈತಿ ಎಂಬಿವು ರೋಗದ ಹೆಸರಲ್ಲ, ಕಂಡದ್ದರ ವರ್ಣನೆ ಅಷ್ಟೇ.

ಎರಡನೆಯದು ಎಲ್ಲಕ್ಕಿಂತ ದೊಡ್ಡದು: “ಇದು ಪೂರಾ ವಾಸಿ ಆಗೋದೋ, ಹಿಡಿತದಾಗ ಇಡೋದೋ, ಬರೀ ತ್ರಾಸು ಕಮ್ಮಿ ಮಾಡೋದೋ?”

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಸಲ ಡಾಕ್ಟರು ಸುಳ್ಳು ಹೇಳಿರುವುದಿಲ್ಲ. “ಇದಕ್ಕ ಟ್ರೀಟ್ಮೆಂಟ್ ಅದ” ಅಂದಿರುತ್ತಾರೆ. ನಾವು ಕೇಳಿಸಿಕೊಳ್ಳುವುದು “ವಾಸಿ ಆಗತದ” ಅಂತ. ಎರಡರ ನಡುವೆ ಒಂದು ಎತ್ತಿನ ಜೋಡಿ, ಎರಡು ಎಕರೆ ಹೊಲ ಮಾರಾಟ ಆಗಿಹೋಗುತ್ತವೆ. ಸಾಮಾನ್ಯ ಟಿಬಿಗೆ ಆರು ತಿಂಗಳು ತಪ್ಪದೆ ಗುಳಿಗೆ ನುಂಗಿದರೆ ವಾಸಿ. ಸಕ್ಕರೆ, ಬಿಪಿ ಹಿಡಿತದಲ್ಲಿ ಇಡುವಂಥವು. ಕಿಡ್ನಿ ಪೂರ್ತಿ ಕೈಕೊಟ್ಟು ವಾರಕ್ಕೆ ಎರಡೋ ಮೂರೋ ಸಲ ಡಯಾಲಿಸಿಸ್ ಮಾಡಿಸುವವರು ನನ್ನನ್ನು ಕೇಳುತ್ತಾರೆ, “ಎಷ್ಟು ಸಲ ಮಾಡಿಸಿದರ ಕಿಡ್ನಿ ಸರಿ ಆಗತದ?” ಡಯಾಲಿಸಿಸ್ ಕಿಡ್ನಿಯನ್ನು ಸರಿ ಮಾಡುವುದಿಲ್ಲ, ಕಿಡ್ನಿ ಮಾಡಬೇಕಾದ ಕೆಲಸವನ್ನು ಯಂತ್ರ ಮಾಡುತ್ತದೆ ಅಂತ ಅವರಿಗೆ ಯಾರೂ ಕೂತು ಹೇಳಿರುವುದಿಲ್ಲ. ಮೈತುಂಬ ಹರಡಿದ ಕ್ಯಾನ್ಸರಿಗೆ ಕೀಮೊ ಕೊಡುವುದು ಎಷ್ಟೋ ಸಲ ತ್ರಾಸು ಇಳಿಸಲಿಕ್ಕೆ, ದಿನ ಹೆಚ್ಚಿಸಲಿಕ್ಕೆ. ಅದೂ ಬೇಕಾದದ್ದೇ. ಆದರೆ ಯಾವುದಕ್ಕೆ ರೊಕ್ಕ ಕಟ್ಟುತ್ತಿದ್ದೇವೆ ಅಂತ ಗೊತ್ತಿರಬೇಕು.

ಮೂರನೆಯದು, “ಬೇರೆ ದಾರಿ ಏನದ? ಏನೂ ಮಾಡದೆ ಬಿಟ್ಟರ ಏನಾಗತದ?” ನಾಲ್ಕನೆಯದು ಖರ್ಚು, ಎಷ್ಟು ಸಲ ಬರಬೇಕು, ಕೂಲಿ ಎಷ್ಟು ದಿನ ತಪ್ಪುತ್ತದೆ. ಐದನೆಯದು, “ಏನು ಕಂಡರ ರಾತ್ರೋರಾತ್ರಿ ಓಡಿ ಬರಬೇಕು?”

“ಎಷ್ಟು ದಿನ ಬದುಕತಾರ?” ಅಂತ ನೇರ ಕೇಳಿದರೆ ಯಾವ ಡಾಕ್ಟರೂ ಉತ್ತರ ಕೊಡಲಾರರು, ಕೊಟ್ಟರೂ ತಪ್ಪಬಹುದು. ಹೀಗೆ ಕೇಳಿ: “ದಿನದ ಮಾತೋ, ವಾರದ ಮಾತೋ, ತಿಂಗಳದೋ, ವರ್ಷದ್ದೋ?” ಇನ್ನೂ ಒಳ್ಳೆಯದು, ನಿಮ್ಮ ಮನೆಯ ಲೆಕ್ಕದಲ್ಲೇ ಕೇಳುವುದು: “ಮಗಳ ಲಗ್ನ ಬ್ಯಾಸಿಗ್ಯಾಗ ಇಟ್ಟೀವಿ, ಈಗಲೇ ಮಾಡಿಬಿಡೋಣೇನ್ರೀ?” ಇದಕ್ಕೆ ಡಾಕ್ಟರು ಹೌದು, ಇಲ್ಲ ಅನ್ನಬಲ್ಲರು.

ಮಾತು ಮುಗಿದ ಮೇಲೆ ರೋಗಿಯೇ ತಮ್ಮ ಮಾತಿನಲ್ಲಿ ಡಾಕ್ಟರಿಗೆ ಒಪ್ಪಿಸಬೇಕು, “ಅಂದ್ರ ನೀವು ಹೇಳಿದ್ದು ಹಿಂಗಲ್ರೀ?” ಅಂತ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಕಾಗದ ಓದುವಾಗ

ಈಗ ಲ್ಯಾಬಿನ ರಿಪೋರ್ಟ್ ಡಾಕ್ಟರಿಗಿಂತ ಮೊದಲು ವಾಟ್ಸಾಪಿಗೆ ಬರುತ್ತದೆ. ಅಳಿಯ ಮೊಬೈಲಿನಲ್ಲಿ ಹುಡುಕಿ ಅರ್ಧ ರಾತ್ರಿಯಲ್ಲಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾನೆ. ಎರಡು ಮೂರು ಗೊಂದಲ ಪದೇ ಪದೇ ನೋಡಿದ್ದೇನೆ. “ಪಾಸಿಟಿವ್” ಅಂದರೆ ಒಳ್ಳೆಯದು ಅಂತ ಖುಷಿಪಟ್ಟು ಪೇಢೆ ತಂದವರಿದ್ದಾರೆ. ಪಾಸಿಟಿವ್ ಅಂದರೆ ಹುಡುಕಿದ್ದು ಸಿಕ್ಕಿದೆ ಅಂತ ಅರ್ಥ. “ಬಿನೈನ್” ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, “ಮ್ಯಾಲಿಗ್ನೆಂಟ್” ಅಂದರೆ ಕ್ಯಾನ್ಸರ್. ಇನ್ನು ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ 3 ಅಂತ ಬರೆದದ್ದನ್ನು ನೋಡಿ ಮೂರನೇ ಸ್ಟೇಜ್ ಅಂತ ಅತ್ತವರನ್ನು ಕಂಡಿದ್ದೇನೆ. ಗ್ರೇಡ್ ಅನ್ನುವುದು ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಎಷ್ಟು ಕೆಟ್ಟು ಕಾಣುತ್ತದೆ ಅನ್ನುವುದು, ಸ್ಟೇಜ್ ಅನ್ನುವುದು ಮೈಯಲ್ಲಿ ಎಷ್ಟು ದೂರ ಹರಡಿದೆ ಅನ್ನುವುದು.

ಯಾವ ಕಾಗದವನ್ನೂ ಆಸ್ಪತ್ರೆಯಲ್ಲಿ ಬಿಟ್ಟು ಬರಬೇಡಿ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡತೆ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ರೋಗಿಯೋ ಅವರು ಒಪ್ಪಿದ ಜೊತೆಯವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಲ್ಲಿ ಕೇಳಬೇಡಿ, ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಅಣ್ಣ, ಕಾಕಾ, ಮಾವ ಎಲ್ಲ “ಮುಚ್ಚಿಡೋಣ” ಅಂದಾಗ

ಇದು ಎಲ್ಲಕ್ಕಿಂತ ಕಠಿಣ. ಕೆಟ್ಟವರಲ್ಲ ಅವರು, ಜೀವ ಒತ್ತೆ ಇಟ್ಟು ಆಸ್ಪತ್ರೆಗೆ ಓಡಾಡುವವರೂ ಅವರೇ. “ಹೇಳಿದರ ಎದಿ ಒಡಕೊಂಡು ಇವತ್ತೇ ಹೋಗಿಬಿಡತಾನ” ಅನ್ನುವ ಹೆದರಿಕೆ ಅವರದು.

ಅವರ ಜೊತೆ ವಾದಕ್ಕೆ ಇಳಿಯಬೇಡಿ, ಕೇಳಿ. ಆಪರೇಷನ್ ಕೋಣೆಗೆ ಯಾವ ಹೆಸರು ಹೇಳಿ ಕಳಿಸುತ್ತೀರಿ? ತಲೆಗೂದಲು ಉದುರಿದ ದಿನ ಏನು ಹೇಳುತ್ತೀರಿ? ಆರೋಗ್ಯ ಕರ್ನಾಟಕದ ಕಾಗದದಲ್ಲಿ ರೋಗದ ಹೆಸರು ಬರೆದೇ ಮಂಜೂರಾತಿಗೆ ಕಳಿಸುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಆ ಸೌಲಭ್ಯ ಬಿಡುವಂಥದ್ದಲ್ಲ. ಆ ಕಾಗದ ಹಿಡಿದು ರೋಗಿಯೇ ಕ್ಯೂನಲ್ಲಿ ನಿಂತಿರುತ್ತಾರೆ. ಮುಚ್ಚಿಡುತ್ತೇವೆ ಅನ್ನುವುದು ನಾವು ಅಂದುಕೊಳ್ಳುವುದಷ್ಟೇ. ಅವರು ಗೊತ್ತಿಲ್ಲದವರ ಹಾಗೆ ಇರುತ್ತಾರೆ, ನಾವೂ ಹೇಳದವರ ಹಾಗೆ. ಒಂದೇ ಮನೆಯಲ್ಲಿ ಎಲ್ಲರೂ ಒಂಟಿ.

“ಅದೆಲ್ಲ ಫಾರಿನ್ನಿನವರಿಗೆ, ನಮ್ಮ ಕಡೆ ಹಂಗಲ್ಲ” ಅನ್ನುವ ಮಾತೂ ಬರುತ್ತದೆ. 1961ರಲ್ಲಿ ಅಮೆರಿಕದ ಶಿಕಾಗೊದ ಒಂದು ಆಸ್ಪತ್ರೆಯಲ್ಲಿ 219 ವೈದ್ಯರನ್ನು ಕೇಳಿದಾಗ, ಹೆಚ್ಚುಕಡಿಮೆ ನೂರಕ್ಕೆ 90 ಮಂದಿ ಕ್ಯಾನ್ಸರ್ ಇದೆ ಅಂತ ರೋಗಿಗೆ ಹೇಳದಿರುವುದೇ ಒಳ್ಳೆಯದು ಅಂದಿದ್ದರು. 1979ರಲ್ಲಿ ಅಮೆರಿಕದಲ್ಲೇ ಇನ್ನೊಂದು ಕಡೆ ಕೇಳಿದಾಗ ನೂರಕ್ಕೆ 97 ಮಂದಿ ಹೇಳುತ್ತೇವೆ ಅಂದರು. ಹದಿನೆಂಟು ವರ್ಷದಲ್ಲಿ ರಕ್ತ ಬದಲಾಗಲಿಲ್ಲ, ರೂಢಿ ಬದಲಾಯಿತು.

ಅಷ್ಟಕ್ಕೂ ಒಪ್ಪದಿದ್ದರೆ ಒಂದು ನಡುದಾರಿ ಇದೆ. ಡಾಕ್ಟರ ಮುಂದೆ ಎಲ್ಲರೂ ಇಷ್ಟಕ್ಕೆ ಒಪ್ಪಿಕೊಳ್ಳಿ: ತಾವಾಗಿ ಹೇಳುವುದು ಬೇಡ, ಆದರೆ ರೋಗಿ ಬಾಯಿಬಿಟ್ಟು ಕೇಳಿದರೆ ಯಾರೂ ಸುಳ್ಳು ಹೇಳಬಾರದು. ಸಾಮಾನ್ಯವಾಗಿ ವಾರದೊಳಗೆ ರೋಗಿಯೇ ಕೇಳುತ್ತಾರೆ, ಬಹಳ ಸಲ ರಾತ್ರಿ ಪಾಳಿಯ ಸಿಸ್ಟರನ್ನು.

ಸಹಿ ಹಾಕುವ ಮೊದಲು

ಆಪರೇಷನ್ ಒಪ್ಪಿಗೆ ಪತ್ರಕ್ಕೆ ಗಂಡನೋ ಮಗನೋ ಓಡಿಹೋಗಿ ಸಹಿ ಹಾಕುವುದು ನಮ್ಮ ರೂಢಿ. ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. 44 ವರ್ಷದ ಆ ಮಹಿಳೆ ಹೊಟ್ಟೆಯೊಳಗೆ ನಳಿಗೆ ಹಾಕಿ ನೋಡುವ ತಪಾಸಣೆಗೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಜೀವಕ್ಕೆ ತುರ್ತು ಅಪಾಯ ಇಲ್ಲದಾಗ, ಬುದ್ಧಿ ಸರಿ ಇರುವ ವಯಸ್ಕ ರೋಗಿಯ ಬದಲು ತಾಯಿಯ ಒಪ್ಪಿಗೆ ನಡೆಯದು ಅಂತ ಕೋರ್ಟು ಹೇಳಿತು. ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಏನು, ಅಪಾಯ ಏನು, ಮಾಡದಿದ್ದರೆ ಏನು, ಇಷ್ಟು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು.

ಸುಳ್ಳು ಅಂದರೆ ಕಮ್ಮಿ ಮಾಡಿ ಹೇಳುವುದು ಮಾತ್ರವಲ್ಲ. ಬಿಳಿ ಮುಟ್ಟು, ಸೊಂಟನೋವು ಅಂತ ಬಂದ ಹೆಣ್ಣುಮಗಳಿಗೆ “ಗರ್ಭಚೀಲ ತಗಸದಿದ್ದರ ಮುಂದ ಕ್ಯಾನ್ಸರ್ ಆಗತದ” ಅಂತ ಹೆದರಿಸುವುದೂ ಸುಳ್ಳೇ. ಹಾಗೆ ಹೇಳಿದರೆ ಎದ್ದು ಬನ್ನಿ, ಇಲ್ಲವೇ “ಪರೀಕ್ಷೆ ಮಾಡಿದ ರಿಪೋರ್ಟ್ ತೋರಸ್ರಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬರತೀವಿ” ಅನ್ನಿ. 2002ರ ನಿಯಮದ ಮಾತೇ ಅದು: ವೈದ್ಯರು ರೋಗದ ಗಂಭೀರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು.

ಆ ನಿಯಮದಲ್ಲಿ ಒಂದು ಬಿರುಕೂ ಇದೆ, ಹೇಳಿಬಿಡುತ್ತೇನೆ. “ರೋಗಿಗೆ, ಸಂಬಂಧಿಕರಿಗೆ ಅಥವಾ ಹೊಣೆಗಾರ ಗೆಳೆಯರಿಗೆ” ತಿಳಿದಿರುವಂತೆ ನೋಡಿಕೊಳ್ಳಬೇಕು ಅಂತ ಅಲ್ಲಿದೆ. ಆ “ಅಥವಾ” ಸಂದಿಯಲ್ಲೇ ಅಣ್ಣ, ಕಾಕಾ ಎಲ್ಲ ನುಸುಳಿಬಿಡುತ್ತಾರೆ. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ತಡೆಹಿಡಿದರು. ಹೀಗಾಗಿ ಹಳೆಯದೇ ನಡೆದಿದೆ.

ಬೇರೆಯಾಗಿ ನೋಡಬೇಕಾದ ಮೂರು ರೋಗ

ಎಚ್‌ಐವಿ ವಿಷಯದಲ್ಲಿ ಕಾನೂನು ತಲೆಕೆಳಗು. 2017ರ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಫಲಿತಾಂಶ ಮೊದಲು ಆ ವ್ಯಕ್ತಿಗೇ, ಸಮಾಲೋಚನೆಯ ಜೊತೆಗೆ. ಅವರ ಒಪ್ಪಿಗೆ ಇಲ್ಲದೆ ಅಪ್ಪ, ಅಣ್ಣ, ಮಾಲೀಕ ಯಾರಿಗೂ ಹೇಳುವಂತಿಲ್ಲ. ಸಂಗಾತಿಯ ವಿಷಯದಲ್ಲಿ ಮಾತ್ರ ಷರತ್ತಿನ ವಿನಾಯಿತಿ ಇದೆ.

ಟಿಬಿಯನ್ನು “ಕಫ”, “ನಂಜು” ಅಂತ ಮರೆಸಿದರೆ ಎರಡು ತಿಂಗಳಿಗೆ ಕೆಮ್ಮು ನಿಂತ ಕೂಡಲೇ ಗುಳಿಗೆ ನಿಲ್ಲುತ್ತದೆ. ರೋಗ ಆಮೇಲೆ ಮದ್ದಿಗೆ ಬಗ್ಗದೆ ತಿರುಗಿ ಬರಬಹುದು, ಮನೆಯ ಮಕ್ಕಳಿಗೂ ಹತ್ತಬಹುದು. ಹೆಸರು ಹೇಳಿ ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ) ನೋಂದಾಯಿಸಿದರೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬರುತ್ತದೆ. 2024ರ ನವೆಂಬರಿಗೆ ಮೊದಲು ಅದು 500 ಇತ್ತು.

ಮೂರನೆಯದು ನಮ್ಮ ಭಾಗದ್ದೇ. ಸಂಡೂರಿನ ಗಣಿ, ಹಟ್ಟಿಯ ಚಿನ್ನದ ಗಣಿ, ಕಲ್ಲು ಕ್ರಷರ್, ಕೊಪ್ಪಳದ ಕಬ್ಬಿಣದ ಕಾರ್ಖಾನೆ, ಎಲ್ಲೇ ದುಡಿದವರಾಗಲಿ, ದಮ್ಮು, ಕೆಮ್ಮು ಅಂತ ಹೋದರೆ ಮೊದಲ ಮಾತಾಗಿ “ನಾನು ಇಷ್ಟು ವರ್ಷ ಧೂಳಿನಾಗ ದುಡಿದೀನಿ, ಅದನ್ನ ಚೀಟಿಯಾಗ ಬರೀರಿ” ಅನ್ನಬೇಕು. ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡುವ ರೋಗ, ಎಕ್ಸ್‌ರೇಯಲ್ಲಿ ಟಿಬಿಯಂತೆ ಕಾಣಬಹುದು, ಎರಡೂ ಒಟ್ಟಿಗೆ ಇರಲೂಬಹುದು. 1948ರ ಕಾರ್ಖಾನೆ ಕಾಯಿದೆಯ 89ನೇ ಕಲಮಿನ ಪ್ರಕಾರ, ಕಾರ್ಖಾನೆ ಕಾರ್ಮಿಕನಲ್ಲಿ ಇಂಥ ಔದ್ಯೋಗಿಕ ರೋಗ ಕಂಡ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ಬರೆದು ತಿಳಿಸಬೇಕಿತ್ತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದರೂ ವೈದ್ಯರ ಆ ಹೊಣೆ ಉಳಿದಿದೆ. ಕಾಗದದಲ್ಲಿ ಹೆಸರಿಲ್ಲದಿದ್ದರೆ ಪರಿಹಾರವೂ ಇಲ್ಲ.

ಕೇಳಿದರೂ ಹೇಳದಿದ್ದರೆ

ಮೊದಲು ಅದೇ ಡಾಕ್ಟರಿಗೆ ಇನ್ನೊಂದು ಅವಕಾಶ ಕೊಡಿ, ಆಮೇಲೆ ಇನ್ನೊಬ್ಬ ಡಾಕ್ಟರು. ರಿಪೋರ್ಟು, ಬಯಾಪ್ಸಿ ಸ್ಲೈಡು ಒಯ್ದು ಎರಡನೇ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು, ಅದು ಯಾರಿಗೂ ಮಾಡುವ ಅವಮಾನವಲ್ಲ. ಸರ್ಕಾರಿ ಆಸ್ಪತ್ರೆಯಾದರೆ ಸೂಪರಿಂಟೆಂಡೆಂಟ್ ಅಥವಾ ಜಿಲ್ಲಾ ಸರ್ಜನ್. ಖಾಸಗಿಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯಿದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ವೈದ್ಯರ ನಡತೆಯ ದೂರಿಗೆ ಕರ್ನಾಟಕ ವೈದ್ಯಕೀಯ ಮಂಡಳಿ. ಕೂಗಾಡಿ ಗಾಜು ಒಡೆದವರಿಗೆ ನಿಜ ಸಿಕ್ಕದ್ದನ್ನು ನಾನಂತೂ ಕಂಡಿಲ್ಲ.

ಕೊನೆಯ ಹಂತದ ಮಾತು

ಐಸಿಯು ಬಾಗಿಲಲ್ಲಿ ಕೇಳಬೇಕಾದದ್ದು ಒಂದೇ: “ಈ ಮಷಿನ್ ಹಚ್ಚಿದರ, ತಗದು ಮನಿಗೆ ಒಯ್ಯೋ ಆಸೆ ಎಷ್ಟದ?” ಗುಣವಾಗದ ಸ್ಥಿತಿಗೆ ಹೋದರೆ ಯಂತ್ರದ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟು 2018ರಲ್ಲಿ ಅವಕಾಶ ಕೊಟ್ಟಿತು, 2023ರಲ್ಲಿ ಅದರ ಕ್ರಮ ಸರಳ ಮಾಡಿತು. ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಗೆ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಆದರೆ ತನಗೇನಾಗಿದೆ ಅಂತಲೇ ಗೊತ್ತಿಲ್ಲದ ಮನುಷ್ಯ ಆ ಕಾಗದದ ಮೇಲೆ ಏನು ಬರೆದಾನು?

ಮಸ್ಕಿ ಕಡೆಯ ಆ ಅಕ್ಕನಿಗೂ ಕವರು ಬರೆದುಕೊಟ್ಟಿದ್ದೆ. ಎಂಟು ದಿನಕ್ಕೆ ಸೊಸೆಯನ್ನು ಕರೆದುಕೊಂಡು ಬಂದರು. ಡಾಕ್ಟರು ಪ್ರಶ್ನೆಗಳ ಕೆಳಗೆ ನೀಟಾಗಿ ಉತ್ತರ ಬರೆದು, ತಮ್ಮ ಸೀಲನ್ನೂ ಒತ್ತಿದ್ದರು. “ಸಾಹೇಬ್ರು ಎಲ್ಲಾ ಹೇಳ್ಯಾರ. ಎದಿ ಕೊಯ್ದಾಗಲೇ ಗೊತ್ತಾಗಿತ್ತು ಬಿಡು, ನಾನೇನು ಸಣ್ಣ ಹುಡುಗೀನಾ? ಗಡ್ಡಿ ತಗದರ ಮುಗೀತು ಅನಕೊಂಡಿದ್ದೆ. ಈ ಗುಳಿಗಿ ಅದಕ್ಕಂತ ತಿಳಿದಿದ್ದಿಲ್ಲ” ಅಂದರು. ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲು ಡಾಕ್ಟರು ಹೊಸ ಚೀಟಿ ಕೊಟ್ಟಿದ್ದರು. ಬೆರಳ ಗೆಣ್ಣು ಎಣಿಸುತ್ತ ಕೇಳಿದರು, “ಐದು ವರ್ಷಕ್ಕ ಇನ್ನ ಎಷ್ಟು ತಿಂಗಳು ಉಳೀತು?”

“ನಲವತ್ತಾರು, ಅಕ್ಕಾ.”

“ಹಂಗಾದ್ರ ಮೂರು ತಿಂಗಳದ್ದು ಒಮ್ಮೆ ಕೊಡು. ಬಸ್ಸೇನೋ ನಮಗ ಪುಕ್ಕಟ, ಬಂದು ಹೋಗೋದಕ್ಕ ಒಂದು ದಿನದ ಕೂಲಿ ಹೋಗತದ.”